ಮೋಸಂಬಿಗೆ ಯಾವ ಬೇರುಸಸಿ? ರುಚಿ ನೋಡಿ ಆರಿಸುವುದೋ, ಮಣ್ಣು ನೋಡಿಯೋ?

ಹೊಸಪಾತಿ:

ಮೋಸಂಬಿ 300 ಗಿಡ ಹಾಕಬೇಕು. ಮೇಲಿನ ತಳಿ ತೀರ್ಮಾನವಾಗಿದೆ, ಕೆಳಗಿನ ಬೇರುಸಸಿಯ (ಕಸಿಗೆ ಬುಡ, ಬೇರು ಕೊಡುವ ಸಸಿ) ವಿಷಯದಲ್ಲೇ ಗೊಂದಲ. ಜಂಬೇರಿ, ರಂಗಪುರ ನಿಂಬೆ, ಮೂರೆಲೆಯ ಟ್ರೈಫೋಲಿಯೇಟ್, ಕ್ಯಾರಿಝೊ ಸಿಟ್ರೇಂಜ್, ಈ ನಾಲ್ಕರ ಮೇಲೂ ಕಣ್ಣು ಕಸಿ ಮಾಡಿದ ಸಸಿ ಸಿಗುತ್ತವೆ.

ಓದಿದ್ದು, ಕೇಳಿದ್ದು ಎಲ್ಲ ಸೇರಿಸಿದರೆ ಇಷ್ಟು: ಜಂಬೇರಿ ಮೇಲೆ ಮರ ದೊಡ್ಡದಾಗುತ್ತದೆ, ಕಾಯಿ ಹೆಚ್ಚು, ಹಣ್ಣು ಸಪ್ಪೆ. ಟ್ರೈಫೋಲಿಯೇಟ್ ಮೇಲೆ ಮರ ಗಿಡ್ಡ, ಹಣ್ಣು ಸಿಹಿ. ಹಾಗಿದ್ದರೆ ಟ್ರೈಫೋಲಿಯೇಟ್ ತಂದು ಹತ್ತಿರ ಹತ್ತಿರ ನೆಟ್ಟರೆ ಮುಗಿಯಿತಲ್ಲ? ಎಲ್ಲರೂ ಯಾಕೆ ಹಾಗೆ ಮಾಡುವುದಿಲ್ಲ?

ಮಣ್ಣು ಜಿಗುಟು. ಮೇಲಿನ 30 ಸೆಂ.ಮೀ.ಗೆ ಪಿಎಚ್ 7.6, ಅದರ ಕೆಳಗೆ ಪರೀಕ್ಷೆ ಮಾಡಿಸಿಲ್ಲ. ನೀರಿನ ಇ.ಸಿ. (ಕರಗಿದ ಉಪ್ಪಿನ ಅಳತೆ) 1.1, ಹನಿ ನೀರಾವರಿ. ಇನ್ನೊಂದು ಅನುಮಾನ: ಕೆಳಗಿನ ಒಂದಡಿ ಕಾಂಡ ಬೇರೆ ಜಾತಿಯದಾದರೆ ಮೇಲಿನ ಹಣ್ಣಿನ ರುಚಿ ಹೇಗೆ ಬದಲಾಗುತ್ತದೆ? ಸಿಹಿ ತಯಾರಾಗುವುದು ಎಲೆಯಲ್ಲಲ್ಲವೇ?

ಮಣ್ಣುವಾಸನೆ:

ಸರ್, ಲೆಕ್ಕವನ್ನು ಕೊನೆಯಿಂದ ಶುರು ಮಾಡಿದ್ದೀರಿ. ಈ ನಾಲ್ಕರಲ್ಲಿ ಯಾವುದು ನಿಮ್ಮ ಮಣ್ಣಿನಲ್ಲಿ ಬದುಕುವುದಿಲ್ಲ ಎಂದು ಮೊದಲು ನೋಡಿ ಅದನ್ನು ಹೊಡೆದುಹಾಕಿ. ಉಳಿದುದರಲ್ಲಿ ರುಚಿ, ಗಾತ್ರ ನೋಡಿ.

ಮೇಲಿನ ಒಂದಡಿಯ ವರದಿ ಸಾಲದು. ಎರಡು ಮೂರು ಕಡೆ ಒಂದು ಮೀಟರ್ ಆಳದ ಗುಂಡಿ ತೆಗೆಸಿ, ಪ್ರತಿ 30 ಸೆಂ.ಮೀ.ಗೆ ಒಂದು ಮಾದರಿ ಕಳಿಸಿ. ಗುಂಡಿ ತೆರೆದಿರುವಾಗಲೇ ಅದರ ಗೋಡೆಗೆ ಮೇಲಿನಿಂದ ಕೆಳಗಿನವರೆಗೆ ಶೇ 10ರ ಹೈಡ್ರೋಕ್ಲೋರಿಕ್ ಆಮ್ಲವನ್ನು ಡ್ರಾಪರ್‌ನಿಂದ ಹನಿ ಹನಿಯಾಗಿ ಬಿಡಿ (ಕೈಗವಸು, ಕನ್ನಡಕ ಇರಲಿ). ಎಲ್ಲಿ ಬುಸ್ಸೆಂದು ನೊರೆ ಏಳುತ್ತದೋ ಅಲ್ಲಿಂದ ಸುಣ್ಣ ಶುರು. ಮೇಲೆ 7.6 ಇರುವ ಜಿಗುಟು ಮಣ್ಣಿನಲ್ಲಿ ಸುಣ್ಣ ಕೆಳಗೆ ಅಡಗಿರುವುದು ಅಪರೂಪವಲ್ಲ. ಬೇರು ಅಲ್ಲಿಗೆ ಇಳಿಯುವುದು ಎರಡನೇ, ಮೂರನೇ ವರ್ಷ. ಗಿಡ ಹಳದಿಯಾಗುವುದೂ ಆಗಲೇ, ದುಡ್ಡೆಲ್ಲ ಹಾಕಿ ಆದ ಮೇಲೆ.

ಟ್ರೈಫೋಲಿಯೇಟ್ ಸುಣ್ಣದ ಮಣ್ಣಿನಲ್ಲಿ ಸೋಲುವುದು ಕಬ್ಬಿಣ ಸಿಗದೆ. ಸಿಟ್ರಸ್ ಬೇರು ಕಬ್ಬಿಣವನ್ನು ಇದ್ದ ರೂಪದಲ್ಲಿ ಹೀರುವುದಿಲ್ಲ. ಸುತ್ತ ಆಮ್ಲ ಬಿಟ್ಟು, ಕರಗದ ಫೆರಿಕ್ ರೂಪವನ್ನು ಕರಗುವ ಫೆರಸ್ ಮಾಡಿಕೊಂಡು ಒಳಗೆ ಎಳೆಯುತ್ತದೆ. ಮಣ್ಣಿನ ನೀರಿನಲ್ಲಿ ಬೈಕಾರ್ಬೊನೇಟ್ ತುಂಬಿದ್ದರೆ ಆ ಆಮ್ಲ ಅಲ್ಲೇ ಸತ್ತುಹೋಗುತ್ತದೆ. ಜಂಬೇರಿ, ರಂಗಪುರ ಇಂಥ ಮಣ್ಣಿನಲ್ಲಿ ಒಂದಷ್ಟು ಏಗುತ್ತವೆ, ಟ್ರೈಫೋಲಿಯೇಟ್‌ಗೆ ಆಗುವುದಿಲ್ಲ. ಅದರ ಮಗನಾದ ಕ್ಯಾರಿಝೊ (ತಾಯಿ ವಾಷಿಂಗ್ಟನ್ ನೇವಲ್ ಕಿತ್ತಳೆ) ತುಸು ಮೇಲು, ಆದರೆ ಸುಣ್ಣ ಜಾಸ್ತಿಯಿದ್ದರೆ ಅದೂ ಸೋಲುತ್ತದೆ. ಗುರುತು: ಹೊಸ ಎಲೆ ಹಳದಿ, ನರಗಳು ಮಾತ್ರ ಹಸಿರು ಬಲೆಯಂತೆ. ಇದೇ ಬಣ್ಣ ಹಳೆಯ ಎಲೆಗೆ ಬಂದಿದ್ದರೆ ಕಾರಣ ಬೇರೆ.

"ಕಬ್ಬಿಣ ಕೊಟ್ಟರಾಯಿತು" ಎನ್ನುವವರಿದ್ದಾರೆ. ಫೆರಸ್ ಸಲ್ಫೇಟ್ ಇಂಥ ಮಣ್ಣಿಗೆ ಹಾಕಿದರೆ ಬೇಗನೆ ತುಕ್ಕಾಗಿ ಕೂರುತ್ತದೆ. ಇ.ಡಿ.ಟಿ.ಎ. ಕೀಲೇಟ್ (ಕಬ್ಬಿಣವನ್ನು ಕರಗಿದ ರೂಪದಲ್ಲೇ ಹಿಡಿದಿಡುವ ರಾಸಾಯನಿಕ) ಪಿಎಚ್ 7ರ ಮೇಲೆ ಕಬ್ಬಿಣವನ್ನು ಹಿಡಿದಿಡುವುದಿಲ್ಲ. ಕೆಲಸ ಮಾಡುವುದು ಇ.ಡಿ.ಡಿ.ಎಚ್.ಎ. ಕೀಲೇಟ್. ಅದನ್ನು 300 ಗಿಡಕ್ಕೆ ಮರ ಇರುವಷ್ಟು ಕಾಲ ಕೊಡುತ್ತೀರಾ?

ಎರಡನೆಯದು ನೀರು ಬಸಿಯುವುದು. 30 ಸೆಂ.ಮೀ. ಆಳ, ಅಷ್ಟೇ ಅಗಲದ ಗುಂಡಿಗೆ ನೀರು ತುಂಬಿಸಿ ಇಂಗಲು ಬಿಡಿ, ಮತ್ತೆ ತುಂಬಿಸಿ ಕಡ್ಡಿ ಇಟ್ಟು ಅಳೆಯಿರಿ. ಮೊದಲ ಸಲದ್ದು ಲೆಕ್ಕಕ್ಕಿಲ್ಲ, ಒಣ ಮಣ್ಣು ಎಷ್ಟು ಬೇಕಾದರೂ ಕುಡಿಯುತ್ತದೆ. ಎರಡನೇ ಸಲ ಗಂಟೆಗೆ 2.5 ಸೆಂ.ಮೀ.ಗಿಂತ ನಿಧಾನವಾದರೆ ಜಂಬೇರಿಯನ್ನು ಮರೆತುಬಿಡಿ. ಫೈಟಾಫ್ತೊರಾ (ಬುಡಕೊಳೆ ತರುವ ರೋಗಾಣು) ಬಂದು ಬುಡದಲ್ಲಿ ಅಂಟು ಸೋರಲು ಶುರುವಾದರೆ ಅದು ತಡೆಯುವುದಿಲ್ಲ. ಅಲ್ಲಿ ಗೆಲ್ಲುವುದು ಟ್ರೈಫೋಲಿಯೇಟ್. ಸಿಟ್ರಸ್ ಜಂತುಹುಳುವಿಗೂ, ಟ್ರಿಸ್ಟೆಜಾ ವೈರಸ್‌ಗೂ ಅದು ಜಗ್ಗುವುದಿಲ್ಲ. ಮಣ್ಣಿನಲ್ಲಿ ಸುಣ್ಣ, ಉಪ್ಪು ಅದಕ್ಕೆ ದೊಡ್ಡ ಶತ್ರು.

ಮೂರನೆಯದು ಉಪ್ಪು. ನಿಮ್ಮ ನೀರು 1.1 ಇರುವುದರಿಂದ ಸದ್ಯಕ್ಕೆ ಭಯವಿಲ್ಲ. ಮಣ್ಣಿನ ಸ್ಯಾಚುರೇಶನ್ ಸಾರದ (ಮಣ್ಣನ್ನು ನೀರಿನಲ್ಲಿ ಪೂರ್ತಿ ನೆನೆಸಿ ತೆಗೆದ ನೀರಿನ) ಇ.ಸಿ. 1.7ರ ಸುತ್ತಮುತ್ತ ದಾಟಿದ ಮೇಲೆ ಕಿತ್ತಳೆ ಜಾತಿಯ ಇಳುವರಿ ಇಳಿಯುತ್ತದೆ. ಕ್ಲೋರೈಡನ್ನು ಬೇರಿನಲ್ಲೇ ತಡೆಯುವುದರಲ್ಲಿ ರಂಗಪುರ, ನಿಮ್ಮ ನಾಲ್ಕರಲ್ಲಿ ಇಲ್ಲದ ಕ್ಲಿಯೋಪಾತ್ರ ಮ್ಯಾಂಡರಿನ್ ಎಂಬ ಬೇರುಸಸಿ ಮುಂದು. ಟ್ರೈಫೋಲಿಯೇಟ್, ಕ್ಯಾರಿಝೊ ಎರಡೂ ಎಲೆಗೆ ಸಾಗಿಸಿಬಿಡುತ್ತವೆ, ಎಲೆಯ ತುದಿ ಸುಟ್ಟಂತಾಗುತ್ತದೆ.

ಗುಂಡಿ ತೆಗೆದು ಬನ್ನಿ, ಮುಂದೆ ಮಾತಾಡೋಣ.

ಅಳತೆಗೋಲು:

ರುಚಿಯ ಪ್ರಶ್ನೆಗೆ ನಾನು ಬರುತ್ತೇನೆ. ಸಕ್ಕರೆ ಎಲೆಯದೇ, ಅನುಮಾನವಿಲ್ಲ. ನೀರು ಮಾತ್ರ ಬೇರಿನದು. ಜಂಬೇರಿ ಬೇರು ಆಳಕ್ಕೂ ಅಗಲಕ್ಕೂ ಹೋಗಿ ನೀರನ್ನು ಧಾರಾಳವಾಗಿ ಮೇಲೆತ್ತುತ್ತದೆ. ಹಣ್ಣು ದಪ್ಪಗಾಗುತ್ತದೆ, ರಸ ತೆಳುವಾಗುತ್ತದೆ, ಹುಳಿಯೂ ಇಳಿಯುತ್ತದೆ. ಟ್ರೈಫೋಲಿಯೇಟ್, ಸಿಟ್ರೇಂಜ್ ಬೇರಿನ ಮರ ಸ್ವಲ್ಪ ಬಾಯಾರಿಕೆಯಲ್ಲೇ ಇರುತ್ತದೆ. ಆಗ ತೊಳೆಯ ಒಳಗೆ ನೀರು ಹಿಡಿದಿಟ್ಟುಕೊಳ್ಳಲು ಹಣ್ಣು ಸಕ್ಕರೆಯನ್ನು ಹೆಚ್ಚು ಸೇರಿಸಿಕೊಳ್ಳುತ್ತದೆ. ಹಾಗಾಗಿ ಬರೀ "ನೀರು ಬೆರೆತದ್ದು, ಬೆರೆಯದ್ದು" ಎಂಬಷ್ಟೇ ಅಲ್ಲ, ಸಕ್ಕರೆ ಸೇರುವ ಪ್ರಮಾಣವೂ ಬದಲಾಗುತ್ತದೆ. ಒಂದೇ ತಳಿಗೆ ಬ್ರಿಕ್ಸ್‌ನಲ್ಲಿ (ರಸದ ಸಿಹಿಯ ಅಳತೆ) ಒಂದು ಡಿಗ್ರಿ, ಕೆಲವೊಮ್ಮೆ ಅದಕ್ಕೂ ತುಸು ಹೆಚ್ಚು ವ್ಯತ್ಯಾಸ ಸಾಮಾನ್ಯ. ಬಾಯಿಗೆ ಗೊತ್ತಾಗುತ್ತದೆ.

ಜಂಬೇರಿಯ ಇನ್ನೆರಡು ದೋಷ: ಸಿಪ್ಪೆ ದಪ್ಪ, ಹಣ್ಣನ್ನು ಮರದಲ್ಲೇ ಬಿಟ್ಟರೆ ತೊಟ್ಟಿನ ಕಡೆಯಿಂದ ತೊಳೆ ಒಣಗಿ ಮರಳುಮರಳಾಗುವುದು ಬೇಗ. ಆದರೆ ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ಮರ ದೊಡ್ಡದು, ಕಾಯಿ ಜಾಸ್ತಿ, ಹಾಗಾಗಿ ಮರವೊಂದಕ್ಕೆ ಸಿಗುವ ಒಟ್ಟು ಸಕ್ಕರೆ ಜಂಬೇರಿಯಲ್ಲೇ ಹೆಚ್ಚಿರಬಹುದು. ರಸ ತೆಗೆಯಲು ಕೊಡುವವನ ಲೆಕ್ಕ ಬೇರೆ, ಹಣ್ಣನ್ನು ಸುಲಿದು ತಿನ್ನುವವನಿಗೆ ಮಾರುವವನ ಲೆಕ್ಕ ಬೇರೆ.

ಎರಡು ಬೇರುಸಸಿಗಳ ಹಣ್ಣು ಹೋಲಿಸಲು ರಿಫ್ರ್ಯಾಕ್ಟೋಮೀಟರ್ (ಬ್ರಿಕ್ಸ್ ಅಳೆಯುವ ಉಪಕರಣ) ಹಿಡಿದವರು ಮಾಡುವ ತಪ್ಪು: ತೊಟ್ಟಿನ ಕಡೆಯಿಂದ ಒಂದು ಹನಿ ಹಿಂಡಿ ನೋಡುವುದು. ಒಂದೇ ಹಣ್ಣಿನಲ್ಲಿ ತೊಟ್ಟಿನ ಅರ್ಧಕ್ಕಿಂತ ಕೆಳಗಿನ ಅರ್ಧ ಸಿಹಿ. ನೆರಳಿನ ಹಣ್ಣಿಗಿಂತ ಬಿಸಿಲಿನ ಹಣ್ಣು ಸಿಹಿ, ದೊಡ್ಡದಕ್ಕಿಂತ ಸಣ್ಣದು ಸಿಹಿ. ಆದ್ದರಿಂದ ಒಂದೇ ದಿನ, ಎದೆಯೆತ್ತರದಿಂದ, ನಾಲ್ಕೂ ದಿಕ್ಕಿನಿಂದ, ಒಂದೇ ಗಾತ್ರದ 10 ಹಣ್ಣು ಕಿತ್ತು, ಪೂರ್ತಿ ಹಿಂಡಿ, ರಸ ಬೆರೆಸಿ, ಸೋಸಿ ನೋಡಿ. ಹುಳಿಯನ್ನೂ ಅಳೆಯಬೇಕು. ಬ್ರಿಕ್ಸ್ 11 ಇದ್ದು ಹುಳಿ ಶೇ 1.2 ಇದ್ದರೆ, ಬ್ರಿಕ್ಸ್ 10, ಹುಳಿ 0.7ರ ಹಣ್ಣೇ ನಾಲಿಗೆಗೆ ಸಿಹಿ.

ಇನ್ನು ಒಂದು ತಕರಾರು. ಸಪ್ಪೆ ಹಣ್ಣಿಗೆಲ್ಲ ಬೇರುಸಸಿಯನ್ನೇ ಬೈಯುವುದು ಈಗ ರೂಢಿಯಾಗಿದೆ. ಕಾಯಿ ಬಲಿಯುವ ಹೊತ್ತಿಗೆ ಸಾರಜನಕ ಸುರಿದರೆ, ಕೊಯ್ಲಿನವರೆಗೂ ನೀರು ತುಂಬಿ ಬಿಟ್ಟರೆ ಯಾವ ಬೇರಾದರೂ ಸಪ್ಪೆಯೇ. ರಂಜಕ ಕಡಿಮೆಯಾದರೂ ಸಿಪ್ಪೆ ದಪ್ಪವಾಗುತ್ತದೆ.

ಕಸಿಚಾಕು:

ಬೇರು ಮರವನ್ನು ಗಿಡ್ಡ ಮಾಡುವುದು ಹೇಗೆಂದು ಚೆನ್ನಾಗಿ ಬಿಡಿಸಿ ನೋಡಿರುವುದು ಸೇಬಿನಲ್ಲಿ. ಅಲ್ಲಿಂದ ಹೇಳಿದರೆ ಸುಲಭ.

ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರ 20ನೇ ಶತಮಾನದ ಆರಂಭದಲ್ಲಿ, ಹೆಸರು ಕಲಸಿಹೋಗಿದ್ದ ಸೇಬಿನ ಬೇರುಸಸಿಗಳನ್ನು ವಿಂಗಡಿಸಿ ಎಂ ಸರಣಿಯ ಸಂಖ್ಯೆ ಕೊಟ್ಟಿತು. ಅದರಲ್ಲಿ ಎಂ.9 ಮೇಲಿನ ಮರ 2.5ರಿಂದ 3 ಮೀಟರ್. ಎರಡು ಮೂರನೇ ವರ್ಷಕ್ಕೇ ಕಾಯಿ. ಎಂ.27 ಇನ್ನೂ ಗಿಡ್ಡ, ಎಂಎಂ.106 ಮಧ್ಯಮ, ಎಂಎಂ.111 ದೊಡ್ಡದು. ಸಂಖ್ಯೆ ಹೆಚ್ಚಾದಂತೆ ಮರ ದೊಡ್ಡದಾಗುತ್ತದೆ ಎಂದುಕೊಳ್ಳಬೇಡಿ, ಸಂಖ್ಯೆಗೂ ಗಾತ್ರಕ್ಕೂ ಸಂಬಂಧವೇ ಇಲ್ಲ.

ಚಿಗುರಿನ ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕಾಂಡದಲ್ಲಿ ಕೆಳಗಿಳಿದು ಬೇರಿಗೆ ತಲುಪಬೇಕು. ಎಂ.9 ತೊಗಟೆಯಲ್ಲಿ ಆ ದಾರಿ ಇಕ್ಕಟ್ಟು. ಬೇರಿಗೆ ಆಕ್ಸಿನ್ ಕಡಿಮೆಯಾದರೆ ಬೇರು ಕಡಿಮೆ. ಬೇರು ಕಡಿಮೆಯಾದರೆ ಅಲ್ಲಿಂದ ಮೇಲೆ ಬರುವ ಸೈಟೊಕೈನಿನ್ ಎಂಬ, ಚಿಗುರು ಬೆಳೆಸುವ ಹಾರ್ಮೋನು ಕಡಿಮೆ. ಚಿಗುರು ಬೇಗ ನಿಲ್ಲುತ್ತದೆ. ಜೊತೆಗೆ ಎಂ.9 ಬೇರನ್ನು ಅಡ್ಡಕ್ಕೆ ಕೊಯ್ದು ನೋಡಿ: ತೊಗಟೆ ದಪ್ಪ, ಒಳಗಿನ ಕಟ್ಟಿಗೆ ಸಣ್ಣ, ಕಟ್ಟಿಗೆಯ ನೀರಿನ ನಾಳಗಳೂ ಕಿರಿದು. ಚಿಗುರು ಬೇಗ ನಿಂತಾಗ ಮೊಗ್ಗು ಹೂವಿನ ಮೊಗ್ಗಾಗುತ್ತದೆ, ಅದಕ್ಕೇ ಬೇಗ ಫಲ. ಮರ ಕಾಯಿಗೆ ತೊಡಗಿದ ಮೇಲೆ ಬೆಳವಣಿಗೆ ಇನ್ನೂ ತಗ್ಗುತ್ತದೆ.

ಇಲ್ಲೇ ಎಡವುವುದು. ಎಂ.9 ಗಿಡಕ್ಕೆ ಮೊದಲ ವರ್ಷದ ಹೂವನ್ನೆಲ್ಲ ಕಿತ್ತುಹಾಕದೆ ಕಾಯಿ ಬಿಟ್ಟರೆ ಗಿಡ ಅಲ್ಲೇ ಕುಗ್ಗಿ ನಿಲ್ಲುತ್ತದೆ, ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಏಳುವುದಿಲ್ಲ. ಬೇರು ಪೆಡಸು, ಮುರಿಯುವಂಥದ್ದು. ಆಸರೆಯ ಗೂಟ ಅಥವಾ ತಂತಿ ಬದುಕಿನುದ್ದಕ್ಕೂ ಬೇಕು. ಬೇರು ಮೇಲ್ಮಣ್ಣಿನಲ್ಲೇ ಇರುವುದರಿಂದ ನೀರು ತಪ್ಪಿದರೆ ಮೊದಲು ಬಾಡುವುದು ಅದೇ. ಗಿಡ್ಡ ಮರ ಎಂದರೆ ಕಡಿಮೆ ಕೆಲಸ ಎಂದು ಯಾರು ಹೇಳಿದರೋ!

ಗಿಡ್ಡ ಮರದ ಹಣ್ಣಿಗೆ ಬಣ್ಣ ಚೆನ್ನಾಗಿರುವುದರಲ್ಲಿ ದೊಡ್ಡ ಪಾಲು ಬೆಳಕಿನದು. ದೊಡ್ಡ ಮರದ ಹೊಟ್ಟೆಯೊಳಗೆ ಪೂರ್ಣ ಬಿಸಿಲಿನ ಶೇ 30ಕ್ಕಿಂತ ಕಡಿಮೆ ಬೆಳಕು ಬೀಳುವ ಜಾಗವಿರುತ್ತದೆ. ಅಲ್ಲಿ ಹೂಮೊಗ್ಗು ಬಡವಾಗುತ್ತದೆ, ಹಣ್ಣು ಬಿಳಿಚಿಕೊಳ್ಳುತ್ತದೆ. ಗಿಡ್ಡ ಮರದಲ್ಲಿ ಅಂಥ ಜಾಗವೇ ಇರುವುದಿಲ್ಲ. ದೊಡ್ಡ ಮರವನ್ನು ಬಿಡಿಸಿ ಸವರಿದರೆ ಅರ್ಧ ಲಾಭ ಅಲ್ಲೂ ಸಿಗುತ್ತದೆ.

ಸಿಟ್ರಸ್‌ನಲ್ಲಿ ನಿಜವಾದ ಗಿಡ್ಡ ಬೇರು ಟ್ರೈಫೋಲಿಯೇಟ್‌ನ ಫ್ಲೈಯಿಂಗ್ ಡ್ರ್ಯಾಗನ್ ಎಂಬ ತಳಿ. ಮಾಮೂಲಿ ಟ್ರೈಫೋಲಿಯೇಟ್ ಮೇಲಿನ ಮರ ಜಂಬೇರಿಗಿಂತ ಸಣ್ಣದು ಅಷ್ಟೇ, ಕೈಗೆಟಕುವ ಮರವಲ್ಲ. ಹತ್ತಿರ ಹತ್ತಿರ ನೆಟ್ಟು ಹತ್ತು ವರ್ಷಕ್ಕೆ ಪೇಚಾಡಬೇಡಿ.

ಹೊಸಪಾತಿ:

ಗುಂಡಿ ತೆಗೆಸಿದ್ದಾಯಿತು. ಆಮ್ಲಕ್ಕೆ 50 ಸೆಂ.ಮೀ. ಕೆಳಗೆ ಜೋರು ನೊರೆ, ಅಲ್ಲಿನ ಪಿಎಚ್ 8.2. ನೀರು ಎರಡನೇ ಸಲ ಎರಡು ಗಂಟೆಯಲ್ಲಿ 4 ಸೆಂ.ಮೀ. ಇಳಿಯಿತು. ಅಂದರೆ ಟ್ರೈಫೋಲಿಯೇಟೂ ಇಲ್ಲ, ಜಂಬೇರಿಯೂ ಇಲ್ಲ?

ಮಣ್ಣುವಾಸನೆ:

ಹೌದು, ಎರಡೂ ಹೋದವು. 8.2 ಸುಣ್ಣಕ್ಕೆ ಕ್ಯಾರಿಝೊ ಕೂಡ ಬೇಡ. ಉಳಿದದ್ದು ರಂಗಪುರ. ಸಿಕ್ಕರೆ ಕ್ಲಿಯೋಪಾತ್ರವನ್ನೂ ಒಂದೆರಡು ಸಾಲು ಇಡಬಹುದು, ಆದರೆ ಅದು ನರ್ಸರಿಯಲ್ಲೂ ತೋಟದಲ್ಲೂ ನಿಧಾನ, ಫಸಲಿಗೆ ತಡ, ಹಣ್ಣು ಸಣ್ಣದು. ಉಪ್ಪು ತಡೆಯುವುದೇ ಅದರ ಮುಖ್ಯ ಗುಣ. ನಿಮಗೆ ಉಪ್ಪಿನ ಕಾಟವಿಲ್ಲದಿರುವಾಗ ಅದಕ್ಕಾಗಿ ಕಾಯುವ ಅಗತ್ಯ ಕಾಣುವುದಿಲ್ಲ.

ರಂಗಪುರ ಬೇಗ ಕಾಯಿಗೆ ಬರುತ್ತದೆ, ಬರ ತಡೆಯುವುದರಲ್ಲಿ ಗಟ್ಟಿ, ಟ್ರಿಸ್ಟೆಜಾಗೆ ಬಾಗುವುದಿಲ್ಲ. ರುಚಿಯಲ್ಲಿ ಜಂಬೇರಿಗಿಂತ ಮೇಲು, ಟ್ರೈಫೋಲಿಯೇಟ್‌ಗಿಂತ ಕೆಳಗೆ. ಬುಡಕೊಳೆಗೆ ಮಾತ್ರ ಅದೂ ಸಿಗುತ್ತದೆ. ಹಾಗಾಗಿ ನಿಮ್ಮ ನಿಧಾನದ ಬಸಿಯುವಿಕೆಗೆ ಮದ್ದು ಬೇರುಸಸಿಯಲ್ಲಿಲ್ಲ, ದಿಬ್ಬದಲ್ಲಿದೆ. ಸಾಲಿನುದ್ದಕ್ಕೂ 45ರಿಂದ 60 ಸೆಂ.ಮೀ. ಎತ್ತರ, 2 ಮೀಟರ್ ಅಗಲದ ಏರುಮಡಿ ಮಾಡಿ ಅದರ ನೆತ್ತಿಯ ಮೇಲೆ ನೆಡಿ. ಮಡಿಗೆ ಮೇಲ್ಮಣ್ಣನ್ನೇ ಕೆರೆದು ಹಾಕಬೇಕು. ಯಂತ್ರದವನು ಕೆಳಗಿನ ಸುಣ್ಣದ ಮಣ್ಣನ್ನು ಅಗೆದು ಮೇಲೆ ಪೇರಿಸಿದರೆ ಇಷ್ಟು ಪರೀಕ್ಷೆ ಮಾಡಿದ್ದು ವ್ಯರ್ಥ, ಪಕ್ಕದಲ್ಲಿ ನಿಂತು ಮಾಡಿಸಿ. ಹನಿ ನೀರಿನ ಪೈಪು ಕಾಂಡಕ್ಕೆ ತಾಗಿಕೊಂಡಿರಬಾರದು, ಎರಡೂ ಬದಿಗೆ 40-50 ಸೆಂ.ಮೀ. ದೂರ ಇರಲಿ.

ಹುಳಿ ಕಿತ್ತಳೆ ಸುಣ್ಣ ತಡೆಯುತ್ತದೆ, ಬುಡಕೊಳೆ ತಡೆಯುತ್ತದೆ, ಹಣ್ಣೂ ಚೆಂದ ಎಂದು ಯಾರಾದರೂ ಹೇಳಿದರೆ, ಹೇಳಿದ್ದೆಲ್ಲ ನಿಜ. ಆದರೆ ಮೇಲೆ ಮೋಸಂಬಿ, ಕೆಳಗೆ ಹುಳಿ ಕಿತ್ತಳೆ ಎಂಬ ಜೋಡಿಯನ್ನೇ ಟ್ರಿಸ್ಟೆಜಾ ಕೊಲ್ಲುವುದು. 1930ರ ದಶಕದಿಂದ ಬ್ರೆಜಿಲ್, ಅರ್ಜೆಂಟೀನಾಗಳಲ್ಲಿ ಲಕ್ಷಾಂತರ ಮರ ಹೀಗೆ ಹೋದವು. ಕಸಿ ಗಂಟಿನ ಕೆಳಗೆ ಆಹಾರ ಸಾಗಿಸುವ ಒಳತೊಗಟೆ ಸಾಯುತ್ತದೆ, ಬೇರು ಹಸಿದು ಸಾಯುತ್ತದೆ, ಆಮೇಲೆ ಮೇಲಿನದು. ಸಂಶಯವಿರುವ ಮರದ ಗಂಟಿನ ಮೇಲೂ ಕೆಳಗೂ ಸೇರುವಂತೆ ತೊಗಟೆಯ ಒಂದು ಚೌಕ ಬಿಡಿಸಿ ಒಳಮೈ ನೋಡಿ: ಗಂಟಿನ ಕೆಳಗಿನ ಭಾಗದಲ್ಲಿ ಸೂಜಿಯಿಂದ ಚುಚ್ಚಿದಂತೆ ಒತ್ತೊತ್ತಾಗಿ ಸಣ್ಣ ತೂತು, ಮೇಲಿನ ಭಾಗ ನುಣುಪು. ಗಿಡಹೇನು ಹರಡುವ ರೋಗ, ಬೇಲಿ ಹಾಕಿ ತಡೆಯುವಂಥದ್ದಲ್ಲ.

ನರ್ಸರಿಮೂಲೆ:

ಬೇರುಸಸಿ ಗೊತ್ತಾಯಿತು, ಈಗ ತರುವ ಸಸಿ ನಿಜವಾಗಿ ಅದರ ಮೇಲೆಯೇ ಇದೆಯೇ ಎಂಬುದು ಬಾಕಿ. ಚೀಟಿ ನಂಬಬೇಡಿ, ಗಿಡ ನೋಡಿ.

ಸಿಟ್ರಸ್ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣ ಇರುತ್ತವೆ. ಹೆಚ್ಚಿನವು ತಾಯಿಯ ಅಂಗಾಂಶದಿಂದ ಹುಟ್ಟಿದವು, ಅಂದರೆ ತಾಯಿಯ ತದ್ರೂಪ. ನಡುವೆ ಪರಾಗದಿಂದ ಹುಟ್ಟಿದ ಬೇರೆ ಬಗೆಯವೂ ನುಸುಳುತ್ತವೆ. ಮಡಿಯಲ್ಲೇ ಅವನ್ನು ಕಿತ್ತೆಸೆಯಬೇಕು: ತೀರಾ ಕುಳ್ಳು, ಏಕಾಏಕಿ ಎತ್ತರ, ಎಲೆಯ ಆಕಾರ ಬೇರೆ. ಕಸಿ ಕಟ್ಟಿದ ಮೇಲೆ ಇದನ್ನು ಪತ್ತೆ ಮಾಡಲಾಗದು, ತೋಟದಲ್ಲಿ ಒಂದು ಮರ ದೈತ್ಯ, ಪಕ್ಕದ್ದು ಕುಬ್ಜ ಆದಾಗಲೇ ಗೊತ್ತಾಗುವುದು. ಹಾಗಾಗಿ ಕಸಿ ಕಟ್ಟುವ ಮುಂಚಿನ ಮಡಿ ನೋಡಲು ಬಿಡುವ ನರ್ಸರಿಯಿಂದಲೇ ತನ್ನಿ. ಫ್ಲೈಯಿಂಗ್ ಡ್ರ್ಯಾಗನ್ ಸಸಿಯಲ್ಲಿ ಈ ಬೆರಕೆ ಹೆಚ್ಚು, ಗುರುತಿಸುವುದು ಸುಲಭ: ಅಸಲಿ ಗಿಡದ ಕಾಂಡ ಅಂಕುಡೊಂಕು, ಮುಳ್ಳು ಕೊಕ್ಕೆಯಂತೆ ಕೆಳಗೆ ಬಾಗಿರುತ್ತದೆ, ಮುಳ್ಳು ನೆಟ್ಟಗಿದ್ದರೆ ಬೆರಕೆ.

ಕಣ್ಣು ಕಟ್ಟಿದ ಎತ್ತರ ಅಳೆಯಿರಿ. ಮಣ್ಣಿನಿಂದ 20 ಸೆಂ.ಮೀ.ಗಿಂತ ಮೇಲಿರಬೇಕು, ನಿಮ್ಮ ಮಣ್ಣಿಗೆ 25-30 ಇದ್ದರೆ ಇನ್ನೂ ಒಳ್ಳೆಯದು. ಮೋಸಂಬಿಯ ಕಾಂಡ ಬುಡಕೊಳೆಗೆ ತೀರಾ ಮೆದು, ಅದಕ್ಕೆ ಒದ್ದೆ ಮಣ್ಣು ತಾಗಬಾರದು. ಗಂಟು ಹೂತುಹೋದರೆ ಮೇಲಿನ ತಳಿಯೇ ಬೇರು ಬಿಡುತ್ತದೆ. ಆಗ ಕೆಳಗೆ ಏನು ಹಾಕಿದ್ದಿರಿ ಎಂಬುದಕ್ಕೆ ಅರ್ಥವಿಲ್ಲ. ಸೇಬಿನಲ್ಲಿ ಗಿಡ್ಡ ಇರಬೇಕಾದ ಮರ ಆಕಾಶಕ್ಕೆ ಏಳುವುದು ಹೀಗೆಯೇ. ಹೂತಿದ್ದು ಗೊತ್ತಾದರೆ ಮೊದಲ ಪಕ್ಕಬೇರು ಕಾಣುವವರೆಗೆ ಮಣ್ಣು ಸರಿಸಿ, ಗಂಟಿನ ಮೇಲಿನಿಂದ ಬಂದ ಬೇರನ್ನು ಕತ್ತರಿಸಿ. ಏರುಮಡಿ ಒಂದು ಮಳೆಗಾಲದಲ್ಲಿ ಕುಸಿಯುತ್ತದೆ, ಗಿಡವೂ ಜೊತೆಗೆ ಇಳಿಯುತ್ತದೆ. ಆ ಲೆಕ್ಕದಲ್ಲಿ 5 ಸೆಂ.ಮೀ. ಎತ್ತರಿಸಿಯೇ ನೆಡಿ.

ಒಂದೆರಡು ಸಸಿಯ ಚೀಲ ಹರಿದು ತಾಯಿಬೇರು ನೋಡಿ. ತಳದಲ್ಲಿ ಕೊಕ್ಕೆಯಂತೆ ಮಡಚಿದ್ದರೆ ಆ ಸರಕನ್ನೇ ಬಿಡಿ, ಮಡಚಿದ ಬೇರು ನೆಟ್ಟ ಮೇಲೆ ನೆಟ್ಟಗಾಗುವುದಿಲ್ಲ.

ರಂಗಪುರ ಆರಿಸುವುದರಿಂದ ಇದು ಮುಖ್ಯ: ಎಕ್ಸೊಕಾರ್ಟಿಸ್ ಎಂಬ ವೈರಾಯ್ಡ್ (ವೈರಸ್‌ಗಿಂತಲೂ ಸಣ್ಣ ರೋಗಕಾರಕ) ಇರುವ ಮರದಿಂದ ಕಣ್ಣು ತೆಗೆದಿದ್ದರೆ ರಂಗಪುರದ ತೊಗಟೆ ಕೆಲವು ವರ್ಷದಲ್ಲಿ ಹೆಕ್ಕಳೆಯೆದ್ದು ಉದುರುತ್ತದೆ, ಮರ ಕುಗ್ಗುತ್ತದೆ. ಟ್ರೈಫೋಲಿಯೇಟ್‌ಗೂ ಇದೇ ಗತಿ. ಜಂಬೇರಿ ಮೇಲೆ ಅದೇ ಕಣ್ಣು ಏನೂ ತೋರಿಸದೆ ಚೆನ್ನಾಗಿರುತ್ತದೆ. ಹಾಗಾಗಿ "ತಾಯಿಮರ ನೋಡಿ, ಎಷ್ಟು ಆರೋಗ್ಯವಾಗಿದೆ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಪರೀಕ್ಷೆಯಾದ ತಾಯಿಮರದ ಕಣ್ಣು ಬೇಕು. ಇದು ಚಾಕು, ಕತ್ತರಿಯಿಂದಲೂ ಹರಡುತ್ತದೆ. ಬೆಂಕಿಗೆ ಹಿಡಿದರೆ, ಸ್ಪಿರಿಟ್ ಸವರಿದರೆ ಹೋಗುವುದಿಲ್ಲ. ಶೇ 5ರ ಬ್ಲೀಚ್ ದ್ರಾವಣ ಒಂದು ಪಾಲು, ನೀರು ನಾಲ್ಕು ಪಾಲು ಸೇರಿಸಿದರೆ ಶೇ 1 ಆಗುತ್ತದೆ. ಮರದಿಂದ ಮರಕ್ಕೆ ಹೋಗುವಾಗ ಅದರಲ್ಲಿ ಅದ್ದಿ. ಕೆಲಸ ಮುಗಿದ ಮೇಲೆ ತೊಳೆದು ಎಣ್ಣೆ ಹಚ್ಚಿ, ಇಲ್ಲದಿದ್ದರೆ ಚಾಕು ತುಕ್ಕು ಹಿಡಿಯುತ್ತದೆ.

ಹೊಸಪಾತಿ:

ಕೊನೆಯದೊಂದು. ಕೆಲವು ಮರಗಳಲ್ಲಿ ಕಸಿ ಗಂಟಿನ ಕೆಳಗೆ ಕಾಂಡ ದಪ್ಪ, ಮೇಲೆ ಸಣ್ಣ, ಮೆಟ್ಟಿಲಿನಂತೆ ಇರುತ್ತದೆ. ಅದು ಕಸಿ ಹೊಂದಿಕೆಯಾಗದ ಲಕ್ಷಣವೇ? ಬುಡದಿಂದ ಬರುವ ಚಿಗುರು ಬೇರುಸಸಿಯದೋ ಮೇಲಿನ ತಳಿಯದೋ ಎಂದು ಹೇಗೆ ತಿಳಿಯುವುದು?

ಕಸಿಚಾಕು:

ಮೆಟ್ಟಿಲು ಕಂಡ ಮಾತ್ರಕ್ಕೆ ಹೆದರಬೇಡಿ. ಟ್ರೈಫೋಲಿಯೇಟ್ ಮೇಲಿನ ಮೋಸಂಬಿಗೆ ಅದು ಸಹಜ, ಎರಡರ ಕಾಂಡ ದಪ್ಪವಾಗುವ ವೇಗ ಬೇರೆ, ಅಷ್ಟೇ. ಹೊಂದಿಕೆಯಾಗದ ಕಸಿ ಬೇರೆ ಥರ ತೋರಿಸುತ್ತದೆ: ಗಂಟಿನಲ್ಲಿ ತೊಗಟೆ ಬಿಡಿಸಿದಾಗ ಕಂದು ಗೆರೆ, ಕಟ್ಟಿಗೆಯಲ್ಲಿ ಸೀಳು, ಗಾಳಿಗೆ ಮುರಿದರೆ ಗರಗಸದಲ್ಲಿ ಕೊಯ್ದಂತೆ ನುಣುಪಾಗಿ ಮುರಿಯುತ್ತದೆ. ಚೆನ್ನಾಗಿ ಕೂಡಿದ ಕಸಿ ಮುರಿದರೆ ಸಿಬಿರು ಸಿಬಿರಾಗಿರುತ್ತದೆ. ಕ್ವಿನ್ಸ್ ಎಂಬ ಹಣ್ಣಿನ ಗಿಡದ ಬೇರಿನ ಮೇಲೆ ವಿಲಿಯಮ್ಸ್ ತಳಿಯ ಪೇರ್ ಕಟ್ಟಿದರೆ ಹೀಗಾಗುತ್ತದೆಂದೇ ನಡುವೆ ಬ್ಯೂರೆ ಹಾರ್ಡಿ ತಳಿಯ ತುಂಡು ಸೇರಿಸಿ ಎರಡು ಕಸಿ ಮಾಡುವುದು.

ಚಿಗುರು ಎಲ್ಲಿಂದ ಹೊರಟಿದೆ ನೋಡಿ: ಗಂಟಿನ ಕೆಳಗಿಂದಾದರೆ ಬೇರುಸಸಿಯದೇ. ಟ್ರೈಫೋಲಿಯೇಟ್, ಕ್ಯಾರಿಝೊ ಆಗಿದ್ದರೆ ಮೂರೆಲೆ ದೂರದಿಂದಲೇ ಕಾಣುತ್ತದೆ. ರಂಗಪುರದ್ದು ಮೋಸಂಬಿಯಂತೆಯೇ ಒಂಟಿ ಎಲೆ, ಮೋಸ ಹೋಗುವುದು ಅಲ್ಲೇ. ಎಳೆಚಿಗುರಿಗೆ ನೇರಳೆ ಛಾಯೆ ಇದ್ದು, ಉಜ್ಜಿದರೆ ನಿಂಬೆಯ ವಾಸನೆ ಬಂದರೆ ಅದೇ. ಒಂದು ಗೇಣು ಆಗುವ ಮೊದಲು ಕೈಯಲ್ಲಿ ಹಿಡಿದು ಕೆಳಕ್ಕೆ ಎಳೆದು ಬುಡಸಮೇತ ಕಿತ್ತುಬಿಡಿ. ಕತ್ತರಿ ಹಾಕಿದರೆ ಬುಡದ ಮೊಗ್ಗು ಉಳಿದು ಒಂದಿದ್ದದ್ದು ಮೂರಾಗುತ್ತದೆ. ಮೊದಲ ಎರಡು ವರ್ಷ 15 ದಿನಕ್ಕೊಮ್ಮೆ ಒಂದು ಸುತ್ತು ಹಾಕಿದರೆ ಸಾಕು.